ಪೂರ್ವ ಏಷ್ಯಾದ ಪ್ರೇಮ ಧಾರಾವಾಹಿಗಳು, ಪ್ರೇಮ ಚಿತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕೊರಿಯಾ, ಜಪಾನ್, ಚೀನಾ, ತೈವಾನ್, ಹಾಂಗ್‌ಕಾಂಗ್‌ಗಳ ಪ್ರೇಮಕಥೆಗಳ ಬಗ್ಗೆ ಬಂಧುಗಳು, ಗೆಳೆಯರು ಮತ್ತು ಓದುಗರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಹೊಸಬರ ಸಂದೇಹಗಳು ಮೊದಲು ಬರುತ್ತವೆ, ಹಳೆಯ ವೀಕ್ಷಕರ ತಕರಾರುಗಳು ಕೊನೆಗೆ.

## ಈಗಷ್ಟೇ ನೋಡಲು ಶುರುಮಾಡಿದವರಿಗೆ

ಕೊರಿಯನ್, ಜಪಾನೀಸ್, ಚೈನೀಸ್ ಎಲ್ಲಾ ಒಂದೇ ಥರ ಕಾಣಿಸ್ತವೆ. ನಿಜವಾಗಲೂ ವ್ಯತ್ಯಾಸ ಇದೆಯಾ?

ಇದೆ. ಆ ವ್ಯತ್ಯಾಸ ಮೊದಲು ಕಾಣುವುದು ಕಥೆಯ ಅಳತೆಯಲ್ಲಿ. ದಕ್ಷಿಣ ಕೊರಿಯಾದ ಪ್ರೇಮ ಧಾರಾವಾಹಿ ಸಾಮಾನ್ಯವಾಗಿ 16 ಕಂತುಗಳದ್ದು. ಒಂದೊಂದು ಕಂತು ಒಂದು ಗಂಟೆ ಅಥವಾ ಅದಕ್ಕಿಂತ ತುಸು ಹೆಚ್ಚು, ವಾರಕ್ಕೆ ಎರಡರಂತೆ ಪ್ರಸಾರ. ಜಪಾನಿನಲ್ಲಿ ವಾರಕ್ಕೆ ಒಂದೇ ಕಂತು, ಒಟ್ಟು ಹತ್ತೋ ಹನ್ನೊಂದೋ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ಹೊಸ ಸರಣಿಗಳು ಆರಂಭವಾಗಿ ಮೂರು ತಿಂಗಳೊಳಗೆ ಮುಗಿದುಹೋಗುತ್ತವೆ. ಚೀನಾದವು ಉದ್ದ: 2017ರ ದೇವಲೋಕದ ಪ್ರೇಮಕಥೆ ‘ಎಟರ್ನಲ್ ಲವ್’ 58 ಕಂತು ಓಡಿತು. ಈ ಎಳೆತ ಹೆಚ್ಚಾಯಿತೆಂದು ಅಲ್ಲಿನ ಪ್ರಸಾರ ಆಡಳಿತ 2020ರಲ್ಲಿ 40 ಕಂತುಗಳ ಮಿತಿ ಹೇರಿ, 30ರೊಳಗೆ ಮುಗಿಸುವುದನ್ನು ಪ್ರೋತ್ಸಾಹಿಸುವುದಾಗಿ ಹೇಳಿತು.

ಅಳತೆ ಬದಲಾದಂತೆ ಪ್ರೇಮದ ನಡಿಗೆಯೂ ಬದಲಾಗುತ್ತದೆ. ಎಂಟು ಗಂಟೆಯಷ್ಟೇ ಕಾಲಾವಕಾಶ ಇರುವ ಜಪಾನೀ ಸರಣಿ ಅತ್ತೆ-ಮಾವಂದಿರನ್ನು ಪಕ್ಕಕ್ಕಿಟ್ಟು, ಕೆಲಸ, ಗೆಳೆತನ ಮತ್ತು ಒಂಟಿತನದ ನಡುವೆ ಇಬ್ಬರನ್ನು ನಿಲ್ಲಿಸುತ್ತದೆ. ಮದುವೆಯಿಲ್ಲದೆ ಮುಗಿದರೂ ಅಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ಕೊರಿಯಾದ ಸರಣಿಯಲ್ಲಿ ಎರಡು ಮನೆಗಳ ಅಡುಗೆಮನೆಯವರೆಗೂ ಕ್ಯಾಮೆರಾ ಹೋಗುತ್ತದೆ. ಚೀನಾದ ಪೌರಾಣಿಕ ಮಾದರಿಯ ಕಥೆಗಳಲ್ಲಂತೂ ಒಂದು ಜನ್ಮ ಸಾಲದೆ ಪ್ರೇಮಿಗಳು ಮೂರು ಜನ್ಮ ಎತ್ತುತ್ತಾರೆ.

ನಾನು ಒಂದೂ ನೋಡಿಲ್ಲ. ಯಾವುದರಿಂದ ಶುರು ಮಾಡಲಿ?

ಬಹಳ ಮಂದಿ 2002ರ ‘ವಿಂಟರ್ ಸೊನಾಟಾ’ದಿಂದ ಶುರುಮಾಡಿ ಅದರ ನಿಧಾನಕ್ಕೆ ಸೋತು ಕೈಬಿಡುತ್ತಾರೆ. ಅದನ್ನು ಆಮೇಲೆ ನೋಡಿ. ನಗು, ಸಾಹಸ, ಕಣ್ಣೀರು ಮೂರೂ ಬೇಕೆನ್ನುವವರಿಗೆ 2019ರ ಕೊನೆಯಲ್ಲಿ ಆರಂಭವಾದ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ ಸುರಕ್ಷಿತ ಆಯ್ಕೆ. ಪ್ರೇಮಕ್ಕಿಂತ ಓಣಿಯ ನೆರೆಹೊರೆಯ ಬದುಕು ಇಷ್ಟವಾಗುವುದಾದರೆ ‘ರಿಪ್ಲೈ 1988’ ನೋಡಬಹುದು; ನಾಯಕಿ ಮುಂದೆ ಯಾರನ್ನು ಮದುವೆಯಾದಳು ಎಂಬುದನ್ನು ಕೊನೆಯವರೆಗೂ ಒಗಟಾಗಿ ಇಡುವ ಆಟ ಅದರದು. ಸಮಯ ಕಡಿಮೆ ಇರುವವರಿಗೆ 2022ರ ಜಪಾನೀ ಸರಣಿ ‘ಫಸ್ಟ್ ಲವ್’ ಒಂಬತ್ತೇ ಕಂತು. ಕಾಲಯಾನದ ಸಿಕ್ಕು ಬಿಡಿಸುವ ಹುಮ್ಮಸ್ಸಿದ್ದವರು ತೈವಾನಿನ ‘ಸಮ್‌ಡೇ ಆರ್ ಒನ್ ಡೇ’ಗೆ ಹೋಗಲಿ, ಆದರೆ ಅದನ್ನು ಮೊಬೈಲ್ ಕೈಯಲ್ಲಿ ಹಿಡಿದುಕೊಂಡು ಅರ್ಧ ಗಮನದಲ್ಲಿ ನೋಡಲಾಗದು.

ಕನ್ನಡದಲ್ಲಿ ಸಿಗುತ್ತಾ? ನಮ್ಮಮ್ಮನಿಗೆ ಆ ಇಂಗ್ಲಿಷ್ ಸಬ್‌ಟೈಟಲ್ ಓದೋಕಾಗಲ್ಲ.

ಒಟಿಟಿ ವೇದಿಕೆಗಳಲ್ಲಿ ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಸಿಗುವಷ್ಟು ಸಲೀಸಾಗಿ ಕನ್ನಡ ಸಿಗುವುದಿಲ್ಲ. ಕರ್ನಾಟಕದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಉದ್ಯಮವೇ ಹಾಕಿಕೊಂಡ ತಡೆಯಿತ್ತು. ಅದು ಸ್ಪರ್ಧೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ತೀರ್ಪಿತ್ತಿತು. ಅಷ್ಟರಲ್ಲಿ ಪಕ್ಕದ ಭಾಷೆಗಳಲ್ಲಿ ಡಬ್ಬಿಂಗ್ ಕಲಾವಿದರು, ಸ್ಟುಡಿಯೊಗಳು ಮತ್ತು ನೋಡುಗರ ರೂಢಿ ಎಲ್ಲವೂ ಬೇರೂರಿದ್ದವು. ನಿಮ್ಮ ತಾಯಿಯವರಿಗೆ ತೆಲುಗೋ ಹಿಂದಿಯೋ ತಿಳಿಯುವುದಾದರೆ ಡಬ್ಬಿಂಗ್‌ನಲ್ಲಿ ನೋಡುವುದರಲ್ಲಿ ತಪ್ಪೇನೂ ಇಲ್ಲ. ಇಂಗ್ಲಿಷ್ ಬಲ್ಲವರಿಗೆ ಅಕ್ಷರ ಓಡಿಹೋಗುವುದೇ ತೊಂದರೆಯಾದರೆ, ಸಬ್‌ಟೈಟಲ್ ಸೆಟ್ಟಿಂಗ್‌ನಲ್ಲಿ ಅಕ್ಷರವನ್ನು ದೊಡ್ಡದು ಮಾಡಿ, ಹಿಂದೆ ಕಪ್ಪು ಪಟ್ಟಿ ಇಟ್ಟುಕೊಳ್ಳಿ. ಎರಡು ಕಂತು ಪಕ್ಕದಲ್ಲಿ ಕೂತು ಕಥೆ ಹೇಳಿಕೊಟ್ಟರೆ ಮೂರನೆಯದಕ್ಕೆ ಅವರೇ ನಿಮಗೆ ಹೇಳುತ್ತಾರೆ.

ಇಂಡಿಯಾದಲ್ಲಿ ಈ ಹುಚ್ಚು ಲಾಕ್‌ಡೌನ್‌ನಲ್ಲಿ ಶುರುವಾಗಿದ್ದಲ್ವಾ?

ಅಲ್ಲ. 2020ರ ಲಾಕ್‌ಡೌನ್ ಅದನ್ನು ದಕ್ಷಿಣದ ಮನೆಗಳಿಗೆ ಹರಡಿತು, ಅಷ್ಟೇ. ಮಣಿಪುರದಲ್ಲಿ 2000ರಲ್ಲಿ ಬಂಡುಕೋರ ಸಂಘಟನೆಯೊಂದು ಹಿಂದಿ ಚಿತ್ರಗಳನ್ನೂ ಹಿಂದಿ ವಾಹಿನಿಗಳನ್ನೂ ನಿಷೇಧಿಸಿತು. ಖಾಲಿಯಾದ ಜಾಗಕ್ಕೆ ಕೇಬಲ್‌ನಲ್ಲಿ ಕೊರಿಯಾದ ಅರಿರಂಗ್ ವಾಹಿನಿ ಬಂತು, ಅದರ ಬೆನ್ನಿಗೇ ಗಡಿಯಾಚೆಯಿಂದ ಅಗ್ಗದ ಡಿಸ್ಕುಗಳು ಬಂದವು. ಇಂಫಾಲದ ತರುಣ ತರುಣಿಯರು ನಾಯಕನ ಕೇಶವಿನ್ಯಾಸವನ್ನು ನಕಲು ಮಾಡುತ್ತಿದ್ದಾಗ ನಮ್ಮಲ್ಲಿ ಆ ಹೆಸರುಗಳನ್ನೇ ಯಾರೂ ಕೇಳಿರಲಿಲ್ಲ. ಬೆಂಗಳೂರಿನ ಕಾಲೇಜು ಹಾಸ್ಟೆಲುಗಳಲ್ಲಿ ಈ ಧಾರಾವಾಹಿಗಳ ಪರಿಚಯ ಅನೇಕರಿಗೆ ಆದದ್ದು ಈಶಾನ್ಯ ರಾಜ್ಯಗಳ ಸಹಪಾಠಿಗಳ ಲ್ಯಾಪ್‌ಟಾಪ್‌ನಿಂದ.

## ನಾಲ್ಕಾರು ಸರಣಿ ನೋಡಿದವರಿಗೆ

ಹದಿನಾರೇ ಕಂತಿಗೆ ಯಾಕೆ ಮುಗಿಸ್ತಾರೆ? ಇಷ್ಟು ಚೆನ್ನಾಗಿ ಓಡ್ತಿರೋದನ್ನ ಮುಂದುವರಿಸಬಹುದಲ್ಲ?

ವಾರಕ್ಕೆ ಎರಡು ದಿನ, ಎಂಟು ವಾರ: ಲೆಕ್ಕ ಇಷ್ಟು ಸರಳ. ಸೋಮವಾರ-ಮಂಗಳವಾರ, ಬುಧವಾರ-ಗುರುವಾರ, ವಾರಾಂತ್ಯ ಎಂಬ ಜೋಡಿ ದಿನಗಳಲ್ಲಿ ಕೊರಿಯಾದ ವಾಹಿನಿಗಳು ಸರಣಿಗಳನ್ನು ಕೂರಿಸುತ್ತಿದ್ದವು. ಒಂದು ಮುಗಿಯುವ ಹೊತ್ತಿಗೆ ಮುಂದಿನದರ ಜಾಹೀರಾತು ಮಾರಾಟವಾಗಿರುತ್ತಿತ್ತು. ನಮ್ಮ ದೈನಂದಿನ ಧಾರಾವಾಹಿ ಟಿಆರ್‌ಪಿ ಇರುವವರೆಗೆ ಬೆಳೆಯುತ್ತದೆ, ಬಿದ್ದ ವಾರ ಮುಗಿಯುತ್ತದೆ. ಅಲ್ಲಿ ಕೊನೆಯ ದಿನಾಂಕ ಹೆಚ್ಚೂಕಡಿಮೆ ಮೊದಲೇ ಗೊತ್ತಿರುವುದರಿಂದ ಕಥೆಗೆ ಒಂದು ಅಂತ್ಯವೂ ಇರುತ್ತದೆ. ತುಂಬ ಗೆದ್ದರೆ ನಾಲ್ಕು ಕಂತು ಹಿಗ್ಗಿಸಿದ್ದುಂಟು, ಆ ನಾಲ್ಕು ಕಂತು ಸಾಮಾನ್ಯವಾಗಿ ಗೊತ್ತಾಗಿಬಿಡುತ್ತದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಬಹುಕಾಲ ಅಲ್ಲಿ ಪ್ರಸಾರ ನಡೆಯುತ್ತಿರುವಾಗಲೇ ಚಿತ್ರೀಕರಣವೂ ನಡೆಯುತ್ತಿತ್ತು. ಸಂಭಾಷಣೆಯ ಹಾಳೆಗಳು ಬಿಡಿಬಿಡಿಯಾಗಿ ಸೆಟ್‌ಗೆ ಬರುತ್ತಿದ್ದವು, ನಟರು ನಿದ್ದೆಗೆಟ್ಟು ಅಭಿನಯಿಸುತ್ತಿದ್ದರು, ರಾತ್ರಿಯ ಪ್ರಸಾರಕ್ಕೆ ಬೆಳಗಿನ ದೃಶ್ಯ ಸಂಕಲನವಾಗುತ್ತಿತ್ತು. ಹಳೆಯ ಸರಣಿಗಳ ಹನ್ನೆರಡನೆಯ ಕಂತಿನ ನಂತರ ಹಿಂದಿನ ದೃಶ್ಯಗಳ ನೆನಪು ಇದ್ದಕ್ಕಿದ್ದಂತೆ ಹೆಚ್ಚಾಗುವುದಕ್ಕೆ ಪ್ರೇಮದ ತೀವ್ರತೆಯೊಂದೇ ಕಾರಣವಲ್ಲ, ಸಮಯದ ಅಭಾವವೂ ಕಾರಣ. 2016ರ ‘ಡಿಸೆಂಡೆಂಟ್ಸ್ ಆಫ್ ದ ಸನ್’ ಪೂರ್ತಿ ಚಿತ್ರೀಕರಣ ಮುಗಿಸಿ ಪ್ರಸಾರಕ್ಕೆ ಬಂತು. ಚೀನಾದಲ್ಲೂ ಅದೇ ಹೊತ್ತಿಗೆ ತೋರಿಸಬೇಕಾಗಿದ್ದರಿಂದ, ಅಲ್ಲಿನ ಸೆನ್ಸಾರ್ ಪರಿಶೀಲನೆಗೆ ಮೊದಲೇ ಪೂರ್ತಿ ಕೃತಿ ಒಪ್ಪಿಸಬೇಕಿತ್ತು. ಒಟಿಟಿ ಬಂದ ಮೇಲೆ ಈ ಪದ್ಧತಿ ಹರಡಿದೆ, ಜೊತೆಗೆ ಹನ್ನೆರಡು ಕಂತಿನ ಸರಣಿಗಳೂ ಹೆಚ್ಚಿವೆ.

ಎಂಟನೇ ಕಂತು ಬಂದರೂ ಒಂದು ಕೈ ಹಿಡಿಯಲ್ಲ. ಇಷ್ಟೊಂದು ಎಳೆಯೋದು ಯಾಕೆ?

ಎಂಟನೆಯ ಕಂತು ಕಥೆಯ ನಡುಗಂಬ. ಮೊದಲರ್ಧ ಪೂರ್ತಿ ‘ಹೇಳುತ್ತಾರೋ ಇಲ್ಲವೋ’ ಎಂಬ ಕುತೂಹಲದ ಮೇಲೆ ನಿಂತಿರುವುದರಿಂದ, ಹೇಳಿಬಿಟ್ಟರೆ ಉಳಿದ ಎಂಟು ಗಂಟೆಗೆ ಬೇರೆ ಇಂಧನ ಬೇಕಾಗುತ್ತದೆ. ಮನೆಮಂದಿಯೆಲ್ಲ ಕೂತು ನೋಡುವ ವಾಹಿನಿಯಲ್ಲಿ ತೋರಿಸಬಹುದಾದದ್ದಕ್ಕೆ ಮಿತಿಯೂ ಇದೆ. ಆ ಮಿತಿಯನ್ನೇ ಬರಹಗಾರರು ಕೌಶಲವಾಗಿ ಬೆಳೆಸಿಕೊಂಡರು ಎಂಬುದು ನನ್ನ ಅಭಿಪ್ರಾಯ. ಒಂದೇ ಕೊಡೆಯ ಕೆಳಗೆ ಇಬ್ಬರು ನಡೆಯುತ್ತಾರೆ. ಮಾತು ಬಸ್ಸಿನ ವೇಳೆಯ ಬಗ್ಗೆ ಇರುತ್ತದೆ. ಅವಳು ಮನೆಯೊಳಗೆ ಹೋದ ಮೇಲೆ ಕ್ಯಾಮೆರಾ ಹಿಂದಿನಿಂದ ಅವನನ್ನು ತೋರಿಸುತ್ತದೆ: ಅವನ ಒಂದು ಭುಜ ಪೂರ್ತಿ ನೆನೆದಿದೆ. ಕೊಡೆ ಅಷ್ಟು ಹೊತ್ತೂ ಯಾರ ಕಡೆ ವಾಲಿತ್ತೆಂದು ಅವಳಿಗಿಂತ ಮೊದಲು ನಮಗೆ ತಿಳಿಯುತ್ತದೆ. ಈ ತಿಳಿಯುವ ಸುಖಕ್ಕಾಗಿ ಕಾಯಲು ಒಪ್ಪದವರಿಗೆ ಈ ಪ್ರಕಾರ ಒಗ್ಗುವುದು ಕಷ್ಟ.

ಹೀರೋ ಯಾವಾಗಲೂ ಕಂಪನಿ ಮಾಲೀಕನ ಮಗನೇ ಯಾಕೆ?

ದಕ್ಷಿಣ ಕೊರಿಯಾದ ಅರ್ಥವ್ಯವಸ್ಥೆಯಲ್ಲಿ ‘ಚೇಬೋಲ್’ ಎನ್ನುವ, ಸಂಸ್ಥಾಪಕ ಕುಟುಂಬಗಳ ಹಿಡಿತದಲ್ಲಿರುವ ಉದ್ಯಮ ಸಮೂಹಗಳದ್ದೇ ಮೇಲುಗೈ. ಅಧಿಕಾರ ಅಜ್ಜನಿಂದ ಮೊಮ್ಮಗನಿಗೆ ಬರುವುದು, ಮದುವೆ ವ್ಯಾಪಾರದ ಒಪ್ಪಂದವಾಗುವುದು ಅಲ್ಲಿನ ಪತ್ರಿಕೆಗಳ ನಿತ್ಯದ ಸುದ್ದಿ. 1997ರ ಆರ್ಥಿಕ ಬಿಕ್ಕಟ್ಟಿನಲ್ಲಿ ಕೆಲಸ ಕಳೆದುಕೊಂಡ ಮನೆಗಳ ಕಣ್ಣಿಗೆ, 2004ರ ‘ಲವರ್ಸ್ ಇನ್ ಪ್ಯಾರಿಸ್’ನಂತಹ ಕಥೆಯ ಶ್ರೀಮಂತ ನಾಯಕ ಪ್ರಿಯಕರನೂ ಹೌದು, ಸಾಲದಿಂದ ಬಿಡುಗಡೆಯೂ ಹೌದು. ಈಚಿನವರು ಇದನ್ನು ತಿರುಗಿಸಿದ್ದಾರೆ. 2017ರ ‘ಬಿಕಾಸ್ ದಿಸ್ ಈಸ್ ಮೈ ಫಸ್ಟ್ ಲೈಫ್’ನ ನಾಯಕನಿಗೆ ಇರುವುದು ಒಂದು ಮನೆ, ಒಂದು ಬೆಕ್ಕು ಮತ್ತು ದಶಕಗಳು ತೀರಿಸಬೇಕಾದ ಗೃಹಸಾಲ, ನಾಯಕಿಗೆ ಬೇಕಿರುವುದು ಬಾಡಿಗೆ ಕೋಣೆ. ಅವರ ಮದುವೆ ಒಂದು ಬಾಡಿಗೆ ಕರಾರು. ಕಂತು ಕಟ್ಟುವ ನಮ್ಮ ಊರಿನ ಯಾರಿಗಾದರೂ ಈ ಪ್ರೇಮಕಥೆ ಅರಮನೆಯ ಕಥೆಗಿಂತ ಬೇಗ ಅರ್ಥವಾಗುತ್ತದೆ.

ಎಲ್ಲರೂ ಅದೇ ಸ್ಯಾಂಡ್‌ವಿಚ್ ಅಂಗಡಿಗೇ ಹೋಗೋದು ಯಾಕೆ?

ಅದು ಜಾಹೀರಾತು. ಕಥೆಯೊಳಗೆ ವಸ್ತುಗಳನ್ನು ತೋರಿಸಿ ಹಣ ಪಡೆಯುವುದಕ್ಕೆ ಕೊರಿಯಾದಲ್ಲಿ 2010ರಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿತು. ಕೇಬಲ್ ಇಲ್ಲದೆ ಆಂಟೆನಾದಲ್ಲೇ ಸಿಗುವ ಅಲ್ಲಿನ ಪ್ರಮುಖ ವಾಹಿನಿಗಳು ಕಾರ್ಯಕ್ರಮದ ನಡುವೆ ಜಾಹೀರಾತು ಹಾಕುವಂತಿರಲಿಲ್ಲ. ಆ ಅನುಮತಿ ಬಂದದ್ದು 2021ರ ಜುಲೈನಲ್ಲಿ. ಆದ್ದರಿಂದ ನಾಯಕ ಕಾಫಿ ಕುಡಿಯಲೇಬೇಕಿತ್ತು, ಲೋಟದ ಹೆಸರು ನಮ್ಮ ಕಡೆ ತಿರುಗಿರಲೇಬೇಕಿತ್ತು.

ಮರೆವು, ಕ್ಯಾನ್ಸರ್, ಲಾರಿ ಅಪಘಾತ ಇಲ್ಲದೆ ಇವರಿಗೆ ಕಥೆ ಬರೆಯೋಕೆ ಬರಲ್ವಾ?

ನಿರ್ದೇಶಕ ಯೂನ್ ಸಿಯೋಕ್-ಹೋ ಅವರ ಋತುಗಳ ಸರಣಿಯೇ ಈ ದೂರಿನ ಮೂಲ. 2000ದ ‘ಆಟಮ್ ಇನ್ ಮೈ ಹಾರ್ಟ್’ನಲ್ಲಿ ಆಸ್ಪತ್ರೆಯಲ್ಲಿ ಅದಲುಬದಲಾದ ಕೂಸುಗಳೂ ಇವೆ, ರಕ್ತದ ಕ್ಯಾನ್ಸರೂ ಇದೆ, ‘ವಿಂಟರ್ ಸೊನಾಟಾ’ದಲ್ಲಿ ನೆನಪು ಕಳೆದುಕೊಂಡ ಪ್ರೇಮಿ ಬೇರೆ ಹೆಸರಿನಲ್ಲಿ ಮರಳುತ್ತಾನೆ. ಜಪಾನ್ ಇದರಲ್ಲಿ ಹಿಂದೆ ಬಿದ್ದಿಲ್ಲ. ಸಾಯುವ ಪ್ರೇಯಸಿಯ ನೆನಪಿನ ಕಥೆಗಳು 2004ರಲ್ಲಿ ಅಲ್ಲಿನ ಚಿತ್ರಮಂದಿರಗಳನ್ನು ತುಂಬಿಸಿದವು, ‘ವಿಂಟರ್ ಸೊನಾಟಾ’ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಮುಖ್ಯ ವಾಹಿನಿಯಲ್ಲಿ ಬಂದು ನಡುವಯಸ್ಸಿನ ಮಹಿಳೆಯರನ್ನು ಸೆಳೆದುಕೊಂಡದ್ದೂ ಅದೇ ವರ್ಷ. ಈ ಅಳುವಿನ ಬೇರು, ಕೊರಿಯಾ ಜಪಾನಿನ ವಸಾಹತಾಗಿದ್ದ ಕಾಲದಲ್ಲಿ ಜಪಾನಿನಿಂದ ಅಲ್ಲಿಗೆ ಹೋದ ಭಾವುಕ ನಾಟಕ ಪರಂಪರೆಯಲ್ಲಿದೆ. ತಂತ್ರವಾಗಿ ನೋಡಿದರೆ ಕಾಯಿಲೆಗೆ ಒಂದು ಅನುಕೂಲವಿದೆ: ಯಾರನ್ನೂ ಕೆಟ್ಟವರನ್ನಾಗಿಸದೆ ಇಬ್ಬರನ್ನು ಅಗಲಿಸಬಹುದು. ಈಗಿನ ಸರಣಿಗಳು ಲಾರಿಯನ್ನು ತಾವೇ ಹಾಸ್ಯಮಾಡುತ್ತವೆ, ಆದರೂ ಹದಿನಾಲ್ಕನೆಯ ಕಂತಿನಲ್ಲಿ ರಸ್ತೆ ದಾಟುವ ದೃಶ್ಯ ಬಂದರೆ ನಾನು ಈಗಲೂ ನಂಬುವುದಿಲ್ಲ.

ಸೀರಿಯಲ್ ಇಷ್ಟ, ಆದರೆ ಸಿನಿಮಾಗಳಲ್ಲಿ ಏನೂ ನಡೆಯೋದೇ ಇಲ್ಲವಲ್ಲ?

(ಇಲ್ಲಿ ಮೂರು ಚಿತ್ರಗಳ ಕಥೆಯ ಭಾಗಗಳನ್ನು ಹೇಳಿದ್ದೇನೆ.) ನಡೆಯುತ್ತದೆ, ಆದರೆ ಮಾತಿನ ಜಾಗದಲ್ಲಿ ಕೆಲಸ ಇರುತ್ತದೆ. ಹುರ್ ಜಿನ್-ಹೋ ನಿರ್ದೇಶನದ 1998ರ ‘ಕ್ರಿಸ್ಮಸ್ ಇನ್ ಆಗಸ್ಟ್’ನಲ್ಲಿ ಸಣ್ಣ ಊರಿನ ಫೋಟೊ ಸ್ಟುಡಿಯೊದ ಯಜಮಾನನಿಗೆ ಹೆಚ್ಚು ದಿನ ಉಳಿದಿಲ್ಲ. ಸಂಚಾರ ನಿಯಮ ಮುರಿದ ವಾಹನಗಳ ಚಿತ್ರ ತೊಳೆಸಲು ಬರುವ ಹುಡುಗಿಗೆ ಅವನು ಅದನ್ನು ಹೇಳುವುದೇ ಇಲ್ಲ, ಪ್ರೀತಿಯನ್ನೂ ಹೇಳುವುದಿಲ್ಲ. ಒಂದು ಸಂಜೆ ಮುದಿ ತಂದೆಗೆ ವಿಡಿಯೊ ಟೇಪ್ ಹಾಕುವುದನ್ನು ಕಲಿಸುತ್ತಾನೆ. ತಂದೆಗೆ ಗುಂಡಿಗಳು ತಪ್ಪುತ್ತವೆ, ಮತ್ತೆ ತಪ್ಪುತ್ತವೆ. ಮಗ ಸಿಟ್ಟಾಗಿ ಎದ್ದುಹೋಗುತ್ತಾನೆ. ಆಮೇಲೆ ಕೂತು, ಮೊದಲು ಯಾವ ಗುಂಡಿ, ನಂತರ ಯಾವುದು ಎಂದು ಕಾಗದದ ಮೇಲೆ ಒಂದೊಂದಾಗಿ ಬರೆದಿಡುತ್ತಾನೆ. ತಾನಿಲ್ಲದ ದಿನಗಳಿಗಾಗಿ ಬರೆಯುತ್ತಿದ್ದಾನೆಂದು ಯಾರೂ ವಿವರಿಸುವುದಿಲ್ಲ. ಧಾರಾವಾಹಿಯಲ್ಲಾಗಿದ್ದರೆ ಇದೇ ಜಾಗಕ್ಕೆ ಒಂದು ಹಾಡು ಬರುತ್ತಿತ್ತು.

ವಾಂಗ್ ಕಾರ್-ವಾಯ್ ಅವರ 2000ದ ‘ಇನ್ ದ ಮೂಡ್ ಫಾರ್ ಲವ್’ ಇನ್ನೂ ಬಿಗಿ. 1962ರ ಹಾಂಗ್‌ಕಾಂಗ್, ಒತ್ತೊತ್ತಾದ ಬಾಡಿಗೆ ಕೋಣೆಗಳು. ತಮ್ಮ ಗಂಡ ಮತ್ತು ಹೆಂಡತಿ ಪರಸ್ಪರ ಸಂಬಂಧದಲ್ಲಿದ್ದಾರೆಂದು ಪಕ್ಕಪಕ್ಕದ ಮನೆಯ ಇಬ್ಬರಿಗೆ ತಿಳಿಯುತ್ತದೆ. ಆ ಇಬ್ಬರು ದ್ರೋಹಿಗಳ ಮುಖವನ್ನು ಚಿತ್ರ ತೋರಿಸುವುದೇ ಇಲ್ಲ. ಮ್ಯಾಗಿ ಚೆಯುಂಗ್ ಎತ್ತರದ ಕಾಲರಿನ ಬಿಗಿ ಉಡುಪಿನಲ್ಲಿ, ಕೈಯಲ್ಲಿ ಡಬ್ಬಿ ಹಿಡಿದು, ನೂಡಲ್ಸ್ ತರಲು ಮೆಟ್ಟಿಲಿಳಿದು ಹೋಗುತ್ತಾರೆ. ಅದೇ ಮೆಟ್ಟಿಲಲ್ಲಿ ಟೋನಿ ಲಿಯುಂಗ್ ಎದುರಾಗುತ್ತಾರೆ. ಉಡುಪು ಬದಲಾಗುವುದರಿಂದಲೇ ದಿನಗಳು ಕಳೆದವೆಂದು ನಾವು ತಿಳಿಯಬೇಕು. ಆ ಅಭಿನಯಕ್ಕಾಗಿ ಲಿಯುಂಗ್ ಅವರಿಗೆ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಈ ಎರಡೂ ಭಾರವೆನಿಸಿದರೆ ಶುಂಜಿ ಇವಾಯ್ ಅವರ 1995ರ ‘ಲವ್ ಲೆಟರ್’ ನೋಡಿ. ಸತ್ತ ಪ್ರಿಯಕರನ ಹಳೆಯ ವಿಳಾಸಕ್ಕೆ ಬರೆದ ಪತ್ರಕ್ಕೆ ಹಿಮದ ಊರಾದ ಒತಾರುವಿನಿಂದ ಉತ್ತರ ಬರುತ್ತದೆ; ಬರೆದವಳೂ ಉತ್ತರಿಸಿದವಳೂ ಒಬ್ಬಳೇ ನಟಿ, ಮಿಹೊ ನಕಾಯಾಮಾ. ಜಪಾನೀ ಜನಪ್ರಿಯ ಕಲೆಗೆ ಇದ್ದ ನಿರ್ಬಂಧವನ್ನು ಕೊರಿಯಾ 1998ರಿಂದ ಸಡಿಲಿಸಿದ ಮೇಲೆ ಅಲ್ಲಿ ಭಾರಿ ಯಶಸ್ಸು ಕಂಡ ಚಿತ್ರಗಳಲ್ಲಿ ಇದು ಒಂದು.

## ಹಳೆಯ ವೀಕ್ಷಕರ ಪ್ರಶ್ನೆಗಳು

ನಾಲ್ಕು ಜನ ಶ್ರೀಮಂತ ಹುಡುಗರು, ಒಬ್ಬಳು ಬಡ ಹುಡುಗಿ. ಇದೇ ಕಥೆ ಎಷ್ಟು ದೇಶದಲ್ಲಿ ಬಂದಿದೆ?

ಮೂಲ ಯೋಕೊ ಕಾಮಿಯೊ ಅವರ ಜಪಾನೀ ಕಾಮಿಕ್ಸ್ (ಮಾಂಗಾ) ‘ಹಾನಾ ಯೋರಿ ಡಾಂಗೊ’, 1992ರಲ್ಲಿ ಆರಂಭವಾದದ್ದು. ಅದನ್ನು ಧಾರಾವಾಹಿಯಾಗಿ ಏಷ್ಯಾದಾದ್ಯಂತ ಹರಡಿದ್ದು ಜಪಾನ್ ಅಲ್ಲ, 2001ರಲ್ಲಿ ‘ಮೀಟಿಯರ್ ಗಾರ್ಡನ್’ ಮಾಡಿದ ತೈವಾನ್. ಅದರ ಗೆಲುವಿನ ನಂತರ 2005ರಲ್ಲಿ ಜಪಾನ್, 2009ರಲ್ಲಿ ಕೊರಿಯಾ, 2018ರಲ್ಲಿ ಚೀನಾ ತಮ್ಮ ತಮ್ಮ ಆವೃತ್ತಿ ಮಾಡಿದವು. ಸಾಲಾಗಿ ನೋಡಿದರೆ ಆಯಾ ನಾಡಿನ ಸಂಕೋಚಗಳು ಕಾಣುತ್ತವೆ. ಕೊರಿಯಾದ ನಾಯಕಿ ಡ್ರೈಕ್ಲೀನಿಂಗ್ ಅಂಗಡಿಯವರ ಮಗಳು, ಆದ್ದರಿಂದ ಶ್ರೀಮಂತರ ಬಟ್ಟೆಯ ಮೂಲಕವೇ ಅವರ ಲೋಕವನ್ನು ಪ್ರವೇಶಿಸುತ್ತಾಳೆ. ಹುಡುಗರು ನಾಯಕಿಗೆ ಕೊಡುವ, ಮೂಲದಲ್ಲಿದ್ದ ಕಿರುಕುಳವನ್ನು ಚೀನಾದ ಆವೃತ್ತಿ ಬಹಳ ಮೆದುಗೊಳಿಸಿತು. ಅದರೊಂದಿಗೆ ನಾಯಕ ಯಾಕೆ ಬದಲಾಗಬೇಕಿತ್ತು ಎಂಬ ಪ್ರಶ್ನೆಯೂ ಮೆತ್ತಗಾಯಿತು.

ಚೈನೀಸ್ ಧಾರಾವಾಹಿ ಅವರದೇ ಭಾಷೆಯಲ್ಲಿದ್ದರೂ ತುಟಿಗೂ ಮಾತಿಗೂ ಹೊಂದಲ್ಲ. ನನ್ನ ಟಿವಿ ಸರಿ ಇಲ್ವಾ?

ಟಿವಿ ಸರಿಯಾಗಿದೆ. ಚೀನಾದಲ್ಲಿ ನಟರ ಧ್ವನಿಯನ್ನು ಬೇರೆ ಕಂಠದಾನ ಕಲಾವಿದರು ಕೊಡುವುದು ಬಹುಕಾಲದ ರೂಢಿ. ಝೆಜಿಯಾಂಗ್ ಪ್ರಾಂತ್ಯದ ಹೆಂಗ್ಡಿಯಾನ್‌ನಂತಹ ದೊಡ್ಡ ಚಿತ್ರನಗರಿಯಲ್ಲಿ ಪಕ್ಕಪಕ್ಕದಲ್ಲೇ ಹಲವು ತಂಡಗಳ ಚಿತ್ರೀಕರಣ ನಡೆಯುವಾಗ ಸದ್ದು ಹಿಡಿಯುವುದು ಕಷ್ಟ; ತೈವಾನ್, ಹಾಂಗ್‌ಕಾಂಗ್ ಮತ್ತು ಬೇರೆ ಬೇರೆ ಪ್ರಾಂತ್ಯಗಳ ನಟರ ಉಚ್ಚಾರ ಒಂದೇ ಅರಮನೆಯಲ್ಲಿ ಹೊಂದುವುದಿಲ್ಲ; ಪರಿಶೀಲನೆಯ ನಂತರ ಒಂದು ಮಾತು ಬದಲಾಯಿಸಬೇಕಾದರೂ ಇದು ಅನುಕೂಲ. ಹಲವು ಸರಣಿ ನೋಡಿದವರಿಗೆ ಬೇರೆ ಬೇರೆ ನಾಯಕರಿಗೆ ಒಂದೇ ಕಂಠ ಕೇಳಿಸುವುದು ಭ್ರಮೆಯಲ್ಲ. ಈಗೀಗ ನಟರ ಸ್ವಂತ ಧ್ವನಿ ಹೆಚ್ಚುತ್ತಿದೆ.

‘ದ ಅನ್‌ಟೇಮ್ಡ್’ನಲ್ಲಿ ಅವರಿಬ್ಬರೂ ಪ್ರೇಮಿಗಳೋ ಸ್ನೇಹಿತರೋ? ಯಾರೂ ನೇರವಾಗಿ ಹೇಳಲ್ಲ.

ಈ ಚೀನೀ ಸರಣಿಯ ಇಬ್ಬರು ನಾಯಕರು ಮೂಲ ಕಾದಂಬರಿಯಲ್ಲಿ ಪ್ರೇಮಿಗಳು. ಗಂಡುಗಳ ನಡುವಿನ ಪ್ರೇಮವನ್ನು ಬರೆಯುವ, ಹೆಚ್ಚಾಗಿ ಮಹಿಳೆಯರೇ ಬರೆದು ಮಹಿಳೆಯರೇ ಓದುವ ‘ದಾನ್‌ಮೇಯ್’ ಎಂಬ ಅಂತರ್ಜಾಲ ಸಾಹಿತ್ಯ ಪ್ರಕಾರ ಚೀನಾದಲ್ಲಿ ದೊಡ್ಡದು. ಪರದೆಯ ಮೇಲೆ ಸಲಿಂಗ ಪ್ರೇಮ ತೋರಿಸಲು ಅನುಮತಿಯಿಲ್ಲದ ಕಾರಣ 2019ರ ಆ 50 ಕಂತುಗಳ ಸರಣಿ ಅದನ್ನು ಆಪ್ತ ಸ್ನೇಹವಾಗಿಸಿತು. ನೋಟ, ಕೊಳಲು, ಹಣೆಪಟ್ಟಿಗಳಲ್ಲಿ ಉಳಿದದ್ದನ್ನು ನೋಡುಗರಿಗೆ ಬಿಟ್ಟಿತು. 2021ರ ನಂತರ ಅಷ್ಟಕ್ಕೂ ಕುತ್ತು ಬಂದು, ಚಿತ್ರೀಕರಣ ಮುಗಿದಿದ್ದ ಇಂತಹ ಸರಣಿಗಳು ಬಿಡುಗಡೆಯಾಗದೆ ಉಳಿದವು. 2019ರ ಮೇ ತಿಂಗಳಲ್ಲಿ ಸಲಿಂಗ ವಿವಾಹಕ್ಕೆ ಕಾನೂನಿನ ಮನ್ನಣೆ ಕೊಟ್ಟ ತೈವಾನಿನಲ್ಲಿ, ಬಹುಮಟ್ಟಿಗೆ ಅದೇ ಭಾಷೆಯಲ್ಲಿ, ಇಂತಹ ಕಥೆಗಳು ಮುಚ್ಚುಮರೆಯಿಲ್ಲದೆ ಬರುತ್ತವೆ.

ಮಣಿಕಟ್ಟು ಹಿಡಿದು ದರದರ ಎಳೆದುಕೊಂಡು ಹೋಗೋದು ರೊಮ್ಯಾನ್ಸಾ?

ಅಲ್ಲ. 2010ರ ಆಸುಪಾಸಿನವರೆಗೆ ಅದನ್ನು ರೊಮ್ಯಾನ್ಸ್ ಎಂದೇ ಚಿತ್ರಿಸಿದರು: ಅವಳನ್ನು ಒಬ್ಬ ಈ ಕಡೆ, ಇನ್ನೊಬ್ಬ ಆ ಕಡೆ ಎಳೆಯುವಾಗ ಹಿನ್ನೆಲೆಯಲ್ಲಿ ಪಿಟೀಲು. ಕೊರಿಯಾದ ಮಹಿಳಾ ವೀಕ್ಷಕರೇ ಇದನ್ನು ಹಿಂಸೆ ಎಂದು ಹೆಸರಿಸತೊಡಗಿದರು, 2018ರಲ್ಲಿ ಅಲ್ಲಿ ಮೀಟೂ ಚಳವಳಿ ಬಲವಾದ ಮೇಲೆ ಬರಹಗಾರರೂ ಎಚ್ಚರವಾದರು. ಇಂದಿನ ನಾಯಕ ಮುತ್ತಿಡುವ ಮೊದಲು ಕೇಳುತ್ತಾನೆ. ಹಳೆಯದನ್ನು ಮಕ್ಕಳೊಂದಿಗೆ ನೋಡುವವರು ಆ ದೃಶ್ಯ ಬಂದಾಗ ಸುಮ್ಮನಿರದೆ ಮಾತನಾಡುವುದು ಒಳ್ಳೆಯದು.

ಕೊರಿಯಾದಲ್ಲಿ ನಿಜವಾಗಲೂ ಹೀಗೇ ಪ್ರೀತಿಸ್ತಾರಾ?

2023ರಲ್ಲಿ ದಕ್ಷಿಣ ಕೊರಿಯಾದ ಒಟ್ಟು ಫಲವತ್ತತೆ ದರ 0.72ಕ್ಕೆ ಇಳಿಯಿತು, ಅಂದರೆ ಸರಾಸರಿ ಒಬ್ಬ ಮಹಿಳೆಗೆ ಒಂದು ಮಗುವೂ ಇಲ್ಲ. ಸೋಲ್ ನಗರದ ಮನೆಬೆಲೆ, ದೀರ್ಘ ದುಡಿಮೆಯ ದಿನ, ಮಕ್ಕಳ ಟ್ಯೂಷನ್ ಖರ್ಚು, ಮದುವೆಯಾದ ಹೆಣ್ಣಿನ ಮೇಲೆ ಬೀಳುವ ಮನೆಗೆಲಸ ಇವೆಲ್ಲ ತರುಣರನ್ನು ಮದುವೆಯಿಂದ ದೂರ ಇಟ್ಟಿವೆ. ಧಾರಾವಾಹಿಯ ನಾಯಕ ಮಧ್ಯಾಹ್ನ ಆಫೀಸು ಬಿಟ್ಟು ಹೊಳೆದಂಡೆಗೆ ಓಡುವುದು ಅಲ್ಲಿನ ನೋಡುಗರಿಗೂ ಕಲ್ಪನೆಯೇ. ಬೀದಿಬದಿಯ ಗುಡಾರದ ಅಂಗಡಿಯಲ್ಲಿ ದಣಿದ ಇಬ್ಬರು ಮಾತಿಲ್ಲದೆ ಕುಡಿಯುವ ದೃಶ್ಯವನ್ನು ಬೇಕಾದರೆ ನಂಬಿ.

‘ಕ್ರ್ಯಾಶ್ ಲ್ಯಾಂಡಿಂಗ್’ನಲ್ಲಿ ತೋರಿಸಿದ ಉತ್ತರ ಕೊರಿಯಾ ಎಷ್ಟು ನಿಜ?

ದಕ್ಷಿಣದ ಹೆಣ್ಣಿಗೂ ಉತ್ತರದ ಸೇನಾಧಿಕಾರಿಗೂ ಹುಟ್ಟುವ ಪ್ರೇಮ ಕಟ್ಟುಕಥೆ, ಸಾಮಾನುಗಳು ಬಹುಮಟ್ಟಿಗೆ ನಿಜ. ಬರಹಗಾರ್ತಿ ಪಾರ್ಕ್ ಜಿ-ಯೂನ್ ಅವರ ತಂಡದಲ್ಲಿ ಉತ್ತರದಿಂದ ತಪ್ಪಿಸಿಕೊಂಡು ಬಂದವರ ಸಲಹೆಯಿತ್ತು. ಆದ್ದರಿಂದ ಇದ್ದಕ್ಕಿದ್ದಂತೆ ಹೋಗುವ ಕರೆಂಟು, ಸಂತೆಯಲ್ಲಿ ಮರೆಯಾಗಿ ಮಾರುವ ದಕ್ಷಿಣದ ಸೋಪು, ಹೆಂಗಸರು ಒಟ್ಟಾಗಿ ಹಾಕುವ ಕಿಮ್ಚಿ ಎಂಬ ತರಕಾರಿ ಉಪ್ಪಿನಕಾಯಿ ಇವೆಲ್ಲ ಊಹೆಯಿಂದ ಬಂದವಲ್ಲ. ಹಳ್ಳಿ ಮಾತ್ರ ನಿಜಕ್ಕಿಂತ ಹಸನಾಗಿ, ನಗುನಗುತ್ತಾ ಇದೆ ಎಂಬ ಟೀಕೆಯಲ್ಲಿ ಹುರುಳಿದೆ. ಗಡಿಯಾಚೆ ಈ ಸರಣಿಯನ್ನು ನೋಡುವುದು ಅಪರಾಧ. 2020ರ ಡಿಸೆಂಬರ್‌ನಲ್ಲಿ ಉತ್ತರ ಕೊರಿಯಾ ತಂದ ಕಾನೂನು ದಕ್ಷಿಣದ ಚಿತ್ರ, ಧಾರಾವಾಹಿಗಳನ್ನು ನೋಡಿದವರಿಗೆ ವರ್ಷಗಟ್ಟಲೆ ಶಿಬಿರವಾಸವನ್ನೂ, ಹಂಚಿದವರಿಗೆ ಅದಕ್ಕಿಂತ ಘೋರ ಶಿಕ್ಷೆಯನ್ನೂ ವಿಧಿಸುತ್ತದೆ.

ನಟರ ಹೆಸರು ಹಿಡಿದು ಹುಡುಕಿದರೆ ಅರ್ಧ ಸಲ ನಿರಾಸೆ. ಒಳ್ಳೆಯದನ್ನು ಹುಡುಕೋದು ಹೇಗೆ?

ಬರೆದವರ ಹೆಸರು ಹಿಡಿಯಿರಿ. ಕೊರಿಯಾದಲ್ಲಿ ಹದಿನಾರೂ ಕಂತನ್ನು ಸಾಮಾನ್ಯವಾಗಿ ಒಬ್ಬರೇ ಬರೆಯುತ್ತಾರೆ, ಅವರಲ್ಲಿ ಹೆಚ್ಚಿನವರು ಮಹಿಳೆಯರು, ಅವರ ಹೆಸರೇ ಸರಣಿಯನ್ನು ಮಾರುತ್ತದೆ. ‘ಲವರ್ಸ್ ಇನ್ ಪ್ಯಾರಿಸ್’ನ ಕಿಮ್ ಯೂನ್-ಸೂಕ್ ಅವರೇ ‘ಗಾಬ್ಲಿನ್’ ಬರೆದವರು, ‘ಡಿಸೆಂಡೆಂಟ್ಸ್ ಆಫ್ ದ ಸನ್’ ಬರೆದವರಲ್ಲಿ ಒಬ್ಬರು; ಚುರುಕು ಮಾತಿನ ಚಕಮಕಿ ಬೇಕಾದರೆ ಅವರ ಕಡೆ ಹೋಗಿ. 2025ರಲ್ಲಿ ಜೇಜು ದ್ವೀಪದ ಒಂದು ದಾಂಪತ್ಯವನ್ನು ಹದಿಹರೆಯದಿಂದ ಮುಪ್ಪಿನವರೆಗೆ ಹಿಡಿದಿಟ್ಟ ‘ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್’ ಲಿಮ್ ಸಾಂಗ್-ಚೂನ್ ಎಂಬ ಲೇಖನಾಮದವರದು. ಜಪಾನಿನಲ್ಲಿ ಯೂಜಿ ಸಕಾಮೊಟೊ ಅವರಿಂದ ಆರಂಭಿಸಬಹುದು: 1991ರ ‘ಟೋಕಿಯೊ ಲವ್ ಸ್ಟೋರಿ’ಯನ್ನು ಧಾರಾವಾಹಿಯಾಗಿ ಬರೆದಾಗ ಅವರಿಗೆ 23 ವರ್ಷ, ಕಾನ್‌ನಲ್ಲಿ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿ ಬಂದದ್ದು 2023ರಲ್ಲಿ.